ತಂತಿಯಿಂದ ಹೊಲಿದ ದೋಣಿ: ಮಿರರ್ ಡಿಂಗಿಯ ಹುಟ್ಟು, ಓಟ

ಎರಡನೇ ಮಹಾಯುದ್ಧ ಮುಗಿಯುವವರೆಗೂ ಬ್ರಿಟನ್ನಿನಲ್ಲಿ ಹಾಯಿದೋಣಿ ಪಂದ್ಯವೆಂದರೆ ಬಹುಮಟ್ಟಿಗೆ ಹಣವಂತರ ಆಟ. ದೋಣಿ ಬೇಕೆಂದರೆ ಕಸುಬು ಬಲ್ಲ ಬಡಗಿಯೇ ಕಟ್ಟಿಕೊಡಬೇಕಿತ್ತು. ಅದರ ಬೆಲೆ ಸಂಬಳದಾರರ ಕೈಗೆಟುಕುತ್ತಿರಲಿಲ್ಲ. ಯುದ್ಧದ ನಂತರ ನೀರಿಗೆ ಬಿರಿಯದ ಪ್ಲೈವುಡ್ ಮತ್ತು ಗಟ್ಟಿ ಅಂಟು ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಲಂಡನ್ನಿನ ಪಟ್ನಿಯಲ್ಲಿ ದೋಣಿ ಕಟ್ಟುತ್ತಿದ್ದ ಜಾಕ್ ಹೋಲ್ಟ್ ಈ ಪ್ಲೈವುಡ್ಡನ್ನು ಸಾಮಾನ್ಯ ಮನೆಗಳಿಗೆ ತಲುಪಿಸುವ ದಾರಿ ಹುಡುಕಿದರು. 1947ರಲ್ಲಿ ಮಕ್ಕಳಿಗಾಗಿ ಕೆಡೆಟ್ ಬಂತು, 1956ರಲ್ಲಿ ಎಂಟರ್‌ಪ್ರೈಸ್. ಮೊದಲನೆಯದರ ಬೆನ್ನಿಗೆ ‘ಯಾಟಿಂಗ್ ವರ್ಲ್ಡ್’ ಮಾಸಿಕ ನಿಂತಿತು, ಎರಡನೆಯದಕ್ಕೆ ‘ನ್ಯೂಸ್ ಕ್ರಾನಿಕಲ್’ ದಿನಪತ್ರಿಕೆ. ಎಂಟರ್‌ಪ್ರೈಸ್ ಭಾರತಕ್ಕೂ ಬಂದು ನಮ್ಮ ಕ್ಲಬ್ಬುಗಳಲ್ಲಿ ದಶಕಗಟ್ಟಲೆ ಓಡಿತು.

ಆದರೂ ಈ ದೋಣಿಗಳಿಗೆ ಒಳಗಿನ ಚೌಕಟ್ಟು ಬೇಕಿತ್ತು, ಅದನ್ನು ಕೂಡಿಸಲು ಬಡಗಿತನ ಬೇಕಿತ್ತು. ಆ ತೊಡಕನ್ನು ಬಿಡಿಸಿದ್ದು ಮಿರರ್. ಬಿಬಿಸಿ ಟಿವಿಯಲ್ಲಿ ಮನೆಗೆಲಸದ ರಿಪೇರಿ ಕಲಿಸಿ ಮನೆಮಾತಾಗಿದ್ದ ಬ್ಯಾರಿ ಬಕ್ನೆಲ್ ಹೋಲ್ಟ್ ಜೊತೆ ಸೇರಿ 1962ರಲ್ಲಿ ಇದನ್ನು ರೂಪಿಸಿದರು. ಹಲಗೆಗಳು ಕತ್ತರಿಸಿಯೇ ಬರುತ್ತಿದ್ದವು. ಅಂಚಿನುದ್ದಕ್ಕೂ ತೂತು ಕೊರೆದು, ತಾಮ್ರದ ತಂತಿ ಪೋಣಿಸಿ ತಿರುಚಿದರೆ ಚಪ್ಪಟೆ ಹಲಗೆಗಳು ತಾವೇ ಬಾಗಿ ದೋಣಿಯ ಆಕಾರಕ್ಕೆ ಬರುತ್ತಿದ್ದವು. ಒಳಗಿನ ಸಂದುಗಳಿಗೆ ಗಾಜಿನ ನಾರಿನ ಪಟ್ಟಿಯಿಟ್ಟು ರಾಳ ಹಚ್ಚಿ, ಅದು ಗಟ್ಟಿಯಾದ ಮೇಲೆ ಹೊರಗೆ ಚಾಚಿದ ತಂತಿಯನ್ನು ಕತ್ತರಿಸಿ ಅಲ್ಲಿಗೂ ಪಟ್ಟಿ ಅಂಟಿಸಿದರೆ ಮೈಕಟ್ಟು ಸಿದ್ಧ.

ದೋಣಿಯನ್ನು ಹೊಲಿಯುವುದು ನಮ್ಮ ಪಶ್ಚಿಮ ಕರಾವಳಿಗೆ ಹಳೆಯ ವಿದ್ಯೆ. ತೆಂಗಿನ ನಾರಿನ ಹುರಿಯಿಂದ ಹಲಗೆ ಹೊಲಿದ ಹಡಗುಗಳು ಅರಬ್ಬೀ ಸಮುದ್ರ ದಾಟುತ್ತಿದ್ದವು. ಆ ಪದ್ಧತಿಯಲ್ಲೇ ಕಟ್ಟಿದ ‘ಕೌಂಡಿನ್ಯ’ ನೌಕೆ 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನೌಕಾಪಡೆಗೆ ಸೇರಿತು. ಅಲ್ಲಿ ಹೊಲಿಗೆ ಹಡಗಿನ ಆಯುಷ್ಯವಿರುವಷ್ಟು ಕಾಲ ದುಡಿಯುತ್ತದೆ, ಮಿರರ್‌ನಲ್ಲಿ ರಾಳ ಒಣಗುವವರೆಗೆ ಮಾತ್ರ.

‘ಡೇಲಿ ಮಿರರ್’ ಪತ್ರಿಕೆ ಇದರ ಪ್ರಾಯೋಜಕ. ಹೆಸರೂ ಕೆಂಪು ಹಾಯಿಯೂ ಅಲ್ಲಿಂದಲೇ ಬಂದವು. ದೋಣಿಯ ಕಿಟ್ಟಿಗೆ 63 ಪೌಂಡ್ 11 ಶಿಲಿಂಗ್. ಆ ಬೆಲೆಯ ಗುರುತು ದೋಣಿಯ ಮೈಮೇಲೆಲ್ಲ ಇದೆ. ಉದ್ದ 3.3 ಮೀಟರ್, ಬರಿಯ ಒಡಲಿನ ತೂಕ 45.5 ಕಿಲೊ. ಮೊಂಡು ಮೂತಿಯಿಂದ ಚಿಕ್ಕ ದೋಣಿಯಲ್ಲೂ ಜಾಗ ಸಿಕ್ಕಿತು. ಕೂವೆಮರವನ್ನು ಎರಡು ತುಂಡು ಮಾಡಿದ್ದರಿಂದ ಅದು ದೋಣಿಯೊಳಗೇ ಹಿಡಿಸಿತು, ಒಟ್ಟು ಸರಂಜಾಮು ಕಾರಿನ ಚಾವಣಿ ಏರಿತು. ಗಾಳಿ ತುಂಬಿದ ಮುಚ್ಚಿದ ಗೂಡುಗಳು ಒಡಲಿಗೆ ಬಿಗಿ ಕೊಟ್ಟವು, ಮಗುಚಿದರೂ ತೇಲಿಸಿದವು. ಇಂಥ ಮಿರರ್ ಹತ್ತಿ ಮೇಷ್ಟರೊಬ್ಬರು, ಎ. ಜೆ. ಮ್ಯಾಕಿನನ್, ಇಂಗ್ಲೆಂಡಿನ ನದಿ, ಕಾಲುವೆಗಳಿಂದ ಹೊರಟು ಯುರೋಪನ್ನು ಹಾದು ಕಪ್ಪು ಸಮುದ್ರವನ್ನೇ ಮುಟ್ಟಿದರು.

ಪಂದ್ಯದಲ್ಲಿ ಇದು ನಿಧಾನದ ದೋಣಿ. ಬೇರೆ ಬೇರೆ ಜಾತಿಯ ದೋಣಿಗಳು ಒಟ್ಟಿಗೆ ಓಡುವಾಗ ಮುಗಿಸಿದ ಹೊತ್ತನ್ನು ಪ್ರತಿ ಜಾತಿಯ ವೇಗಕ್ಕೆ ತಕ್ಕಂತೆ ಸರಿದೂಗಿಸುವ ಪದ್ಧತಿ ಬ್ರಿಟನ್ನಿನಲ್ಲಿದೆ. ಕೊನೆಗೆ ದಡ ಸೇರಿದ ಮಿರರ್ ಗೆಲ್ಲುವುದು ಅದರಿಂದಲೇ ಸಾಧ್ಯ. ನಿಜವಾದ ಸೊಗಸಿರುವುದು ಮಿರರ್‌ಗಳೇ ಸೇರುವ ಓಟದಲ್ಲಿ. ಅಳತೆ, ತೂಕಗಳನ್ನು ನಿಯಮ ಬಿಗಿಯಾಗಿ ಹಿಡಿದಿರುವುದರಿಂದ ಮನೆಯಲ್ಲಿ ಕಟ್ಟಿದ್ದಕ್ಕೂ ಕಾರ್ಖಾನೆಯಿಂದ ಬಂದದ್ದಕ್ಕೂ ಸಮಾನ ಅವಕಾಶ. ಇಬ್ಬರ ದೋಣಿಯಾದ್ದರಿಂದ ಅಪ್ಪ–ಮಗಳು, ಅಣ್ಣ–ತಮ್ಮ ಒಂದೇ ತಂಡ. ಎರಡು ಹಾಯಿಗಳ ಜೊತೆಗೆ ಬೆನ್ನಗಾಳಿಗೆ ಉಬ್ಬುವ ಸ್ಪಿನೇಕರ್ ಕೂಡ ಇರುವುದರಿಂದ ಮಕ್ಕಳು ದೊಡ್ಡ ದೋಣಿಯ ವಿದ್ಯೆಯನ್ನೆಲ್ಲ ಇಲ್ಲೇ ಕಲಿತರು. ಐರ್ಲೆಂಡ್, ಆಸ್ಟ್ರೇಲಿಯ, ದಕ್ಷಿಣ ಆಫ್ರಿಕ, ನೆದರ್ಲೆಂಡ್ಸ್‌ಗಳಿಗೆ ಮಿರರ್ ಹಬ್ಬಿ ವಿಶ್ವ ಚಾಂಪಿಯನ್‌ಷಿಪ್ಪೂ ನಡೆಯಿತು.

ಆಮೇಲೆ ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ ದೋಣಿಗಳು ಮಕ್ಕಳನ್ನು ಸೆಳೆದವು. ಮಿರರ್ ಕೂಡ ಫೈಬರ್‌ಗ್ಲಾಸ್ ಒಡಲನ್ನೂ ಒಂದೇ ತುಂಡಿನ ಕೂವೆಯನ್ನೂ ಒಪ್ಪಿಕೊಂಡಿತು. ಪಂದ್ಯ ಉಳಿಯಲು ಆ ಬದಲಾವಣೆ ಬೇಕಿತ್ತು, ಒಪ್ಪೋಣ. ಆದರೆ ಮನೆಮಂದಿಯೆಲ್ಲ ಕೂತು ಕಟ್ಟಿದ ದೋಣಿಯನ್ನು ಅದೇ ಮನೆಯ ಮಗು ಓಡಿಸುವ ಹಿಗ್ಗನ್ನು ಯಾವ ಅಚ್ಚೂ ಕೊಡಲಾರದು. ಮಿರರ್ ಒಲಿಂಪಿಕ್ಸ್ ಪ್ರವೇಶಿಸಲೇ ಇಲ್ಲ. ಅದರ ಹಾಯಿಗಳ ಮೇಲಿನ ಕ್ರಮಸಂಖ್ಯೆ ಮಾತ್ರ 70,000 ದಾಟಿದೆ.