ಓಡುವ ಮನೆಯಲ್ಲಿ ಒಲೆ ಎಲ್ಲಿರಬೇಕು?

ಕಾರಿನ ಹಿಂದೆ ಪುಟ್ಟದೊಂದು ಮನೆಯನ್ನೇ ಕಟ್ಟಿಕೊಂಡು ಊರೂರು ಸುತ್ತುವ ಜನ ಅಮೆರಿಕ, ಕೆನಡಾಗಳಲ್ಲಿ ಬಹಳ. ಮಲಗಲು ಮಂಚ, ಅಡುಗೆಗೆ ಒಲೆ, ನೀರಿನ ಟ್ಯಾಂಕು, ಶೌಚಾಲಯ ಎಲ್ಲವೂ ಇರುವ ಈ ‘ಟ್ರಾವೆಲ್ ಟ್ರೇಲರ್’ ಬೇಸಿಗೆಯಲ್ಲಿ ಸುಖದ ವಾಹನ. ಚಳಿಗಾಲ ಬಂತೆಂದರೆ ಮಾತ್ರ ಅದರ ಒಡೆಯನಿಗೆ ಸಂದಿಗ್ಧ ಶುರು. ಒಳಗೆ ಶಾಖವಿಲ್ಲದಿದ್ದರೆ ಕೊಳವೆಯ ನೀರು ಹೆಪ್ಪುಗಟ್ಟುತ್ತದೆ. ಮಂಜುಗಡ್ಡೆಯಾಗುವಾಗ ನೀರು ಸುಮಾರು ಶೇಕಡ 9ರಷ್ಟು ಹಿಗ್ಗುವುದರಿಂದ ಕೊಳವೆ ಸೀಳಿಹೋಗುತ್ತದೆ. ಗ್ಯಾಸಿನ ಹೀಟರ್ ಉರಿಸಿಕೊಂಡೇ ಓಡಿಸೋಣವೆಂದರೆ, ಅಪಘಾತವಾದಾಗ ಆ ಉರಿಯೇ ಮೃತ್ಯುವಾದೀತು ಎಂಬ ಭಯ.

ಪ್ರಶ್ನೆ ಹೊಸದಲ್ಲ. ರೈಲಿನ ಬೋಗಿಯೂ ಎಳೆಸಿಕೊಂಡು ಹೋಗುವ ಮನೆಯೇ ತಾನೆ? ಅದನ್ನು ಬೆಚ್ಚಗಿಡುವ ಬಗೆಯನ್ನು ಹತ್ತೊಂಬತ್ತನೆಯ ಶತಮಾನ ಬಹಳ ದುಬಾರಿ ಬೆಲೆ ತೆತ್ತು ಕಲಿಯಿತು.

ಇಂಗ್ಲೆಂಡಿನಲ್ಲಿ ಮೊದಮೊದಲು ಬೋಗಿಯೊಳಗೆ ಬೆಂಕಿಯನ್ನೇ ಇಡುತ್ತಿರಲಿಲ್ಲ. ಬಿಸಿನೀರು ತುಂಬಿದ ಚಪ್ಪಟೆ ತಗಡಿನ ಡಬ್ಬಗಳನ್ನು ಪ್ರಯಾಣಿಕರ ಕಾಲಡಿ ಇಡುತ್ತಿದ್ದರು. ಅವು ಸ್ವಲ್ಪ ಹೊತ್ತಿಗೇ ತಣ್ಣಗಾಗುತ್ತಿದ್ದವು. ಮುಂದೆ ನೀರಿನ ಬದಲು ಸೋಡಿಯಂ ಅಸಿಟೇಟ್ ಎಂಬ ಲವಣವನ್ನು ತುಂಬುವ ಉಪಾಯ ಬಂತು. ಕಾಯಿಸಿದಾಗ ಕರಗುವ ಈ ಲವಣ, ಮತ್ತೆ ಹರಳುಗಟ್ಟುವಾಗ ಹೀರಿಕೊಂಡ ಶಾಖವನ್ನು ಹೊರಬಿಡುತ್ತದೆ. ಹೀಗಾಗಿ ಡಬ್ಬ ಹೆಚ್ಚು ಹೊತ್ತು ಬಿಸಿಯಾಗಿರುತ್ತಿತ್ತು. ಪಾದವೇನೋ ಬೆಚ್ಚಗಾಯಿತು, ಮೂಗು, ಕಿವಿಗಳ ಪಾಡು ಹಾಗೆಯೇ ಉಳಿಯಿತು.

ಅಮೆರಿಕದ ಚಳಿ ಇಂಥ ಡಬ್ಬಗಳಿಗೆ ಬಗ್ಗುವಂಥದಲ್ಲ. ಅಲ್ಲಿ ಬೋಗಿಯಲ್ಲೇ ಕಬ್ಬಿಣದ ಒಲೆ ಇಟ್ಟು ಸೌದೆ ಇಲ್ಲವೇ ಕಲ್ಲಿದ್ದಲು ಉರಿಸುತ್ತಿದ್ದರು. ಒಲೆಯ ಪಕ್ಕದಲ್ಲಿ ಕೂತವನು ಬೆವರುತ್ತಿದ್ದ, ದೂರದವನು ನಡುಗುತ್ತಿದ್ದ. ಮರದ ಬೋಗಿ, ಬಣ್ಣ, ವಾರ್ನಿಷ್, ಎಣ್ಣೆ ದೀಪ. ನಡುವೆ ನಿಗಿನಿಗಿ ಕೆಂಡ. ರೈಲು ಹಳಿಯ ಮೇಲಿರುವವರೆಗೆ ಎಲ್ಲವೂ ಸರಿ.

1867ರ ಡಿಸೆಂಬರ್ 18ರಂದು ನ್ಯೂಯಾರ್ಕ್ ರಾಜ್ಯದ ಅಂಗೋಲಾ ಎಂಬಲ್ಲಿ ರೈಲೊಂದರ ಕೊನೆಯ ಬೋಗಿ ಹಳಿ ತಪ್ಪಿ ಸೇತುವೆಯಿಂದ ಉರುಳಿತು. ಒಲೆಯ ಕೆಂಡ ಚೆಲ್ಲಿ ಬೋಗಿ ಹೊತ್ತಿ ಉರಿಯಿತು. ಸುಮಾರು 50 ಮಂದಿ ಸತ್ತರು. ಮುಂದೆ ಎಣ್ಣೆಯ ದೊರೆಯೆನಿಸಿದ ಜಾನ್ ಡಿ. ರಾಕ್‌ಫೆಲ್ಲರ್ ಅಂದು ನಿಲ್ದಾಣಕ್ಕೆ ತಡವಾಗಿ ಬಂದು ಆ ರೈಲು ತಪ್ಪಿಸಿಕೊಂಡದ್ದರಿಂದ ಉಳಿದುಕೊಂಡರು.

1876ರ ಡಿಸೆಂಬರ್ 29ರಂದು, ಹಿಮ ಸುರಿಯುತ್ತಿದ್ದ ರಾತ್ರಿ, ಒಹಾಯೊ ರಾಜ್ಯದ ಆಷ್ಟಬ್ಯುಲಾದಲ್ಲಿ ಕಬ್ಬಿಣದ ಸೇತುವೆಯೇ ಕುಸಿಯಿತು. ಬೋಗಿಗಳು ಸುಮಾರು 70 ಅಡಿ ಕೆಳಗಿನ ನದಿಗೆ ಬಿದ್ದವು. ಬಿದ್ದ ಪೆಟ್ಟಿನಿಂದ ಪಾರಾದ ಅನೇಕರನ್ನು ಬೆಂಕಿ ಬಿಡಲಿಲ್ಲ. ಸತ್ತವರು ಸುಮಾರು 92. ಸೇತುವೆ ಮುರಿದದ್ದಕ್ಕೂ ಒಲೆಗೂ ಸಂಬಂಧವಿರಲಿಲ್ಲ. ಆದರೆ ದುರಂತವನ್ನು ದುಪ್ಪಟ್ಟು ಮಾಡಿದ್ದು ಒಲೆಯೇ.

ಆದರೂ ಒಲೆಗಳು ಬೋಗಿಯಿಂದ ಇಳಿಯಲಿಲ್ಲ. 1887ರ ಫೆಬ್ರುವರಿಯಲ್ಲಿ ವರ್ಮಾಂಟ್ ರಾಜ್ಯದ ವೈಟ್ ರಿವರ್ ಸೇತುವೆಯಿಂದ ರೈಲು ಉರುಳಿ 30ಕ್ಕೂ ಹೆಚ್ಚು ಜನ ಸತ್ತಾಗಲೂ ಅದೇ ಕಥೆ. ಅದೇ ವರ್ಷ ನ್ಯೂಯಾರ್ಕ್ ರಾಜ್ಯ ಪ್ರಯಾಣಿಕರ ಬೋಗಿಗಳಲ್ಲಿ ಒಲೆ ಉರಿಸುವುದನ್ನು ನಿಷೇಧಿಸುವ ಕಾನೂನು ತಂದಿತು. ರೈಲ್ವೆ ಕಂಪೆನಿಯೊಂದು ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಹಲವು ರಾಜ್ಯಗಳನ್ನು ಹಾದುಹೋಗುವ ರೈಲಿಗೆ ಒಂದು ರಾಜ್ಯ ಕಟ್ಟಳೆ ವಿಧಿಸುವುದು ಹೇಗೆ ಎಂಬುದು ಅದರ ವಾದ. 1897ರಲ್ಲಿ ನ್ಯಾಯಾಲಯ ಕಾನೂನನ್ನೇ ಎತ್ತಿಹಿಡಿಯಿತು. ತನ್ನ ನೆಲದ ಮೇಲೆ ಸಾಗುವವರ ಪ್ರಾಣ ಕಾಯುವ ಅಧಿಕಾರ ರಾಜ್ಯಕ್ಕಿದೆ ಎಂಬುದು ತೀರ್ಪಿನ ಸಾರ.

ಒಲೆ ಹೋದರೆ ಶಾಖ ಎಲ್ಲಿಂದ? ಉತ್ತರ ಕಣ್ಣೆದುರಿಗೇ ಇತ್ತು. ಎಳೆಯುವ ಎಂಜಿನ್ನಿನಲ್ಲಿ ಹೇಗೂ ಬೆಂಕಿಯಿದೆ, ಉಗಿಯಿದೆ. ಆ ಉಗಿಯಲ್ಲಿ ಒಂದು ಪಾಲನ್ನು ಕೊಳವೆಗಳ ಮೂಲಕ ಹಿಂದಿನ ಬೋಗಿಗಳಿಗೆ ಹರಿಸಿದರು. ತೊಡಕುಗಳಿರಲಿಲ್ಲವೆಂದಲ್ಲ. ಉದ್ದನೆಯ ರೈಲಿನ ಕೊನೆಯ ಬೋಗಿಗೆ ಶಾಖ ಸರಿಯಾಗಿ ತಲುಪುತ್ತಿರಲಿಲ್ಲ. ಉಗಿ ತಣಿದು ನೀರಾಗಿ ಕೊಳವೆಯಲ್ಲೇ ಹೆಪ್ಪುಗಟ್ಟುವುದೂ ಇತ್ತು. ಆದರೆ ಜನರ ನಡುವಿನಿಂದ ಕೆಂಡ ಹೋಯಿತು, ಅದು ದೊಡ್ಡ ಮಾತು. ಉಗಿಯಂತ್ರಗಳ ಕಾಲ ಮುಗಿದ ಮೇಲೆ ಶಾಖ ಒದಗಿಸುವ ಕೆಲಸವನ್ನು ಕ್ರಮೇಣ ವಿದ್ಯುತ್ತು ವಹಿಸಿಕೊಂಡಿತು.

ಟ್ರೇಲರಿನವರಿಗೆ ಈ ದಾರಿ ಏಕಿಲ್ಲ? ಲೆಕ್ಕ ಸರಳ. ಕಾರಿನಿಂದ ಟ್ರೇಲರಿಗೆ ಹೋಗುವ 12 ವೋಲ್ಟಿನ ತಂತಿಯಲ್ಲಿ 10 ಆಂಪಿಯರ್ ಹರಿದರೆ ಸಿಗುವುದು 120 ವಾಟ್. ಕೋಣೆಯೊಂದನ್ನು ಬೆಚ್ಚಗಿಡುವ ಸಾಮಾನ್ಯ ಹೀಟರಿಗೇ 1500 ವಾಟ್ ಬೇಕು. ಎಳೆಯುವವನ ಬಳಿ ಹಂಚಲು ಶಾಖವಿಲ್ಲದ್ದರಿಂದ ಬೆಂಕಿ ಮತ್ತೆ ಎಳೆಸಿಕೊಳ್ಳುವವನ ಮನೆಗೇ ಬಂತು, ಗ್ಯಾಸಿನ ರೂಪದಲ್ಲಿ.

ಆದ್ದರಿಂದಲೇ ಬಲ್ಲವರು ಹೊರಡುವ ಮುನ್ನ ಸಿಲಿಂಡರಿನ ವಾಲ್ವ್ ಮುಚ್ಚಿ ಎನ್ನುತ್ತಾರೆ. ಕೊಳವೆಗಳ ನೀರು ಬಸಿದು, ಕುಡಿಯುವ ನೀರಿನ ಕೊಳವೆಗೆಂದೇ ಮಾಡಿದ, ಹೆಪ್ಪುಗಟ್ಟದ ದ್ರವ ತುಂಬಿದರೆ ಚಳಿಯಲ್ಲೂ ಕೊಳವೆ ಉಳಿಯುತ್ತದೆ. ಉರಿಸಿಕೊಂಡೇ ಸಾಗಬೇಕೆನ್ನುವವರಿಗೆ, ಡಿಕ್ಕಿಯಾದಾಗ ಅಥವಾ ಕೊಳವೆ ಹರಿದಾಗ ಗ್ಯಾಸನ್ನು ತಾನಾಗಿ ತಡೆಯುವ ಸಾಧನಗಳಿವೆ. ಆಗಲೂ ಪೆಟ್ರೋಲ್ ಬಂಕ್ ಹೊಕ್ಕುವ ಮುಂಚೆ ಉರಿ ಆರಿಸಲೇಬೇಕು. ಇನ್ನು ವಾಸನೆಯಿಲ್ಲದೆ ಕೊಲ್ಲುವ ಕಾರ್ಬನ್ ಮಾನಾಕ್ಸೈಡ್ ಅನಿಲದ ಬಗ್ಗೆ ಎಚ್ಚರಿಸುವ ಗಂಟೆ, ಮಲಗುವ ಜಾಗದಲ್ಲಿ ಇರಲೇಬೇಕಾದದ್ದು.

ನಮ್ಮ ದೇಶಕ್ಕೂ ಈ ಕಥೆಯ ಒಂದು ಎಳೆ ಸೇರಿದೆ. 2025ರ ಜೂನ್ 6ರಂದು ಕಟ್ರಾದಿಂದ ಶ್ರೀನಗರಕ್ಕೆ ಆರಂಭವಾದ ವಂದೇ ಭಾರತ್ ರೈಲಿನಲ್ಲಿ ಪ್ರಯಾಣಿಕರಿಗೆ ಬೆಚ್ಚನೆಯ ಗಾಳಿಯಷ್ಟೇ ಅಲ್ಲ, ನೀರು ಹೆಪ್ಪುಗಟ್ಟದಂತೆ ಟ್ಯಾಂಕುಗಳಿಗೂ ಹೀಟರುಗಳಿವೆ. ಬೇಕಾದ ವಿದ್ಯುತ್ತು ಮೇಲಿನ ತಂತಿಯಿಂದ ಬರುತ್ತದೆ. ಬೋಗಿಯ ನಡುವಿದ್ದ ಬೆಂಕಿ ಮೊದಲು ಎಂಜಿನ್ನಿಗೆ ಸರಿಯಿತು, ಈಗ ರೈಲನ್ನೇ ಬಿಟ್ಟು ಇಳಿದಿದೆ. ಅಂಗೋಲಾ, ಆಷ್ಟಬ್ಯುಲಾಗಳಲ್ಲಿ ಸತ್ತವರು ಕಲಿಸಿದ ಪಾಠ ಇಷ್ಟೇ: ಚಳಿಯಲ್ಲಿ ಬೆಂಕಿ ಬೇಕು ನಿಜ, ಆದರೆ ಓಡುವ ಮನೆಯಲ್ಲಿ ಅದು ಮಲಗುವವನಿಂದ ದೂರವಿದ್ದಷ್ಟೂ ಕ್ಷೇಮ.