ಗಾಥರ ರಾಣಿ ಟಮೋರಾ

ಷೇಕ್ಸ್‌ಪಿಯರನ ಸ್ತ್ರೀಪಾತ್ರಗಳೆಂದೊಡನೆ ನಮಗೆ ನೆನಪಾಗುವವರು ಲೇಡಿ ಮ್ಯಾಕ್‌ಬೆತ್, ಪೋರ್ಷಿಯಾ, ಡೆಸ್ಡಿಮೋನಾ ಮೊದಲಾದವರು. ‘ಟೈಟಸ್ ಆಂಡ್ರಾನಿಕಸ್’ ನಾಟಕದ ಟಮೋರಾಳನ್ನು ಸ್ಮರಿಸುವವರು ವಿರಳ. ರೋಮ್ ನಗರದಲ್ಲಿ ನಡೆಯುವ ಈ ಕಲ್ಪಿತ ಕಥೆ 1594ರ ಜನವರಿಯಲ್ಲಿ ಲಂಡನ್ನಿನ ರೋಸ್ ರಂಗಮಂದಿರದಲ್ಲಿ ಪ್ರದರ್ಶಿತವಾಗಿ, ಅದೇ ವರ್ಷ ಮುದ್ರಣವನ್ನೂ ಕಂಡಿತು. ಮೊದಲನೆಯ ಅಂಕವು ಜಾರ್ಜ್ ಪೀಲ್ ಎಂಬ ನಾಟಕಕಾರನದೆಂದು ಅನೇಕ ವಿದ್ವಾಂಸರ ಅಭಿಮತ.

ಟಮೋರಾ ಗಾಥ್ ಜನಾಂಗದ ರಾಣಿ. ಯುದ್ಧದಲ್ಲಿ ಸೋತು, ಮೂವರು ಗಂಡುಮಕ್ಕಳೊಡನೆ ಸೆರೆಯಾಳಾಗಿ ರೋಮಿಗೆ ಬರುತ್ತಾಳೆ. ಗೆದ್ದ ಸೇನಾಪತಿ ಟೈಟಸನು ತನ್ನ ಇಪ್ಪತ್ತೈದು ಪುತ್ರರಲ್ಲಿ ಇಪ್ಪತ್ತೊಂದು ಮಂದಿಯನ್ನು ಕಳೆದುಕೊಂಡವನು. ಮೃತರ ಆತ್ಮಶಾಂತಿಗೆ ಬಲಿ ಬೇಕೆಂದು ಟಮೋರಾಳ ಹಿರಿಯ ಮಗ ಅಲಾರ್ಬಸನನ್ನು ಆರಿಸಲಾಗುತ್ತದೆ. ರಾಣಿ ಮೊಣಕಾಲೂರಿ ಬೇಡುತ್ತಾಳೆ: ನಿನ್ನ ಮಕ್ಕಳು ನಿನಗೆ ಪ್ರಿಯರಾಗಿದ್ದರೆ ನನ್ನ ಮಗನೂ ನನಗೆ ಹಾಗೆಯೇ ಅಲ್ಲವೇ, ನಾಡಿಗಾಗಿ ಹೋರಾಡಿದ್ದು ಅಪರಾಧವೇ ಎಂಬುದು ಆಕೆಯ ವಾದದ ತಿರುಳು. ಟೈಟಸನು ಕ್ರೂರಿಯೇನೂ ಅಲ್ಲ, ಕೇವಲ ಧರ್ಮನಿಷ್ಠ; ಆದರೂ ಒಪ್ಪುವುದಿಲ್ಲ. ಷೇಕ್ಸ್‌ಪಿಯರನ ಕಾಲದಲ್ಲಿಯೇ ಆತನ ನಾಟಕವೊಂದನ್ನು ಕುರಿತು ರಚಿತವಾಗಿ ಉಳಿದಿರುವ ಏಕೈಕ ಚಿತ್ರವು ಇಂಗ್ಲೆಂಡಿನ ಲಾಂಗ್‌ಲೀಟ್ ಭವನದಲ್ಲಿದೆ. ಅದರಲ್ಲಿ ಕಾಣುವುದು, ಕಿರೀಟ ಧರಿಸಿಯೂ ಮಂಡಿಯೂರಿ ಕೈಜೋಡಿಸಿರುವ ಈ ತಾಯಿಯೇ. ನಾಟಕದ ಘೋರಕೃತ್ಯಗಳನ್ನು ಮಾತ್ರ ಎಣಿಸುವ ವಿಮರ್ಶಕರು ಈ ಆರಂಭವನ್ನು ಮರೆಯುತ್ತಾರೆಂಬುದು ನಮ್ಮ ಭಾವನೆ.

ಮಗನು ಹತನಾದ ಕೆಲವೇ ಕ್ಷಣಗಳಲ್ಲಿ ವಿಧಿ ಮಗುಚುತ್ತದೆ. ನೂತನ ಚಕ್ರವರ್ತಿ ಸ್ಯಾಟರ್ನೈನಸನು ಆಕೆಯನ್ನೇ ವರಿಸುತ್ತಾನೆ. ಸೆರೆಯಾಳು ಸಾಮ್ರಾಜ್ಞಿಯಾಗಿ, ಬಹಿರಂಗದಲ್ಲಿ ಟೈಟಸನನ್ನು ಕ್ಷಮಿಸೆಂದು ಪತಿಗೆ ಬುದ್ಧಿ ಹೇಳಿ, ಗುಟ್ಟಿನಲ್ಲಿ ಆ ವಂಶವನ್ನೇ ಅಳಿಸುವ ಸಂಕಲ್ಪ ತೊಡುತ್ತಾಳೆ.

ಅರಣ್ಯದ ದೃಶ್ಯವೇ ಪಾತ್ರದ ಕೀಲಿಕೈ. ಟಮೋರಾಳ ಉಳಿದಿಬ್ಬರು ಮಕ್ಕಳು ಟೈಟಸನ ಮಗಳು ಲವೀನಿಯಾಳ ಪತಿಯನ್ನು ಕೊಂದು, ಆಕೆಯನ್ನೂ ಹಿಡಿದಿದ್ದಾರೆ. ಲವೀನಿಯಾ ಬೇಡುತ್ತಾಳೆ, ಅದೂ ಒಬ್ಬ ಹೆಣ್ಣನ್ನು. ಟಮೋರಾ ತನ್ನ ವ್ಯರ್ಥವಾದ ಕಣ್ಣೀರನ್ನು ಮಕ್ಕಳಿಗೆ ನೆನಪಿಸಿ, ಅವಳನ್ನು ಅವರ ಕೈಗೇ ಒಪ್ಪಿಸುತ್ತಾಳೆ. ಅತ್ಯಾಚಾರದ ನಂತರ ಅವರು ಲವೀನಿಯಾಳ ನಾಲಿಗೆಯನ್ನೂ ಕೈಗಳನ್ನೂ ಕತ್ತರಿಸುತ್ತಾರೆ. ಇಲ್ಲಿ ನಮಗೆ ಭಾಗವತದ ದ್ರೌಪದಿ ನೆನಪಾಗುತ್ತಾಳೆ. ಮಲಗಿದ್ದ ಐವರು ಮಕ್ಕಳನ್ನು ಕೊಂದ ಅಶ್ವತ್ಥಾಮನನ್ನು ಅರ್ಜುನನು ಕಟ್ಟಿ ತಂದಾಗ, ಅವನ ತಾಯಿಯೂ ತನ್ನಂತೆ ಅಳದಿರಲೆಂದು ಬಿಡಿಸಿದವಳು ಆಕೆ. ಟಮೋರಾಳೂ ಅದೇ ದುಃಖವನ್ನು ಬಲ್ಲವಳು. ಆ ಅರಿವೇ ಅವಳ ಕೈಯಲ್ಲಿ ಆಯುಧವಾಯಿತು.

ಮುಂದೆ ಆಕೆಯ ತಾಯ್ತನವೂ ಉಳಿಯುವುದಿಲ್ಲ. ಪ್ರಿಯಕರ ಆರನ್‌ನಿಂದ ಹುಟ್ಟಿದ ಕಪ್ಪುವರ್ಣದ ಶಿಶು ತನ್ನ ರಹಸ್ಯವನ್ನು ಬಯಲಿಗೆಳೆಯುವುದೆಂದು, ಅದನ್ನು ಕೊಲ್ಲುವಂತೆ ದಾದಿಯ ಮೂಲಕ ಹೇಳಿಕಳುಹಿಸುತ್ತಾಳೆ. ಕೂಸನ್ನು ಕಾಪಾಡುವವನು ನಾಟಕದ ಪರಮ ದುಷ್ಟನಾದ ಆ ಆರನ್! ಕೊನೆಗೆ ಆಕೆ ಸೇಡಿನ ದೇವತೆಯ ವೇಷ ಧರಿಸಿ, ಟೈಟಸನಿಗೆ ಮತಿ ಕೆಟ್ಟಿದೆಯೆಂದು ನಂಬಿ, ಮಕ್ಕಳಿಬ್ಬರನ್ನೂ ಅವನ ಮನೆಯಲ್ಲಿಯೇ ಬಿಟ್ಟುಬರುತ್ತಾಳೆ. ಅವನು ಅವರನ್ನು ಕೊಂದು, ಅಡಿಗೆ ಮಾಡಿ ತಾಯಿಗೇ ಬಡಿಸುತ್ತಾನೆ. ನಿಜ ತಿಳಿಸಿ ಅವಳನ್ನೂ ಇರಿಯುತ್ತಾನೆ. ಔತಣದ ಈ ಕಲ್ಪನೆ ಸೆನೆಕನ ‘ಥೈಯೆಸ್ಟೀಸ್’ ಹಾಗೂ ಓವಿಡ್ ಕವಿಯ ಫಿಲೊಮೆಲಾ ಕಥೆಗಳಿಗೆ ಋಣಿ.

ಜೂಲಿ ಟೇಮೋರ್ ನಿರ್ದೇಶಿಸಿದ 1999ರ ಚಲನಚಿತ್ರದಲ್ಲಿ ಜೆಸ್ಸಿಕಾ ಲ್ಯಾಂಗ್ ಈ ಪಾತ್ರವನ್ನು ನಿರ್ವಹಿಸಿದ್ದಾರೆ. ನಮಗೆ ಇನ್ನೂ ಸಮೀಪದ್ದು 2017ರ ‘ದಿ ಹಂಗ್ರಿ’. ಬೋರ್ನಿಲಾ ಚಟರ್ಜಿಯವರ ಈ ಚಿತ್ರ ಕಥೆಯನ್ನು ಇಂದಿನ ಭಾರತದ ಸಿರಿವಂತರ ಮದುವೆಮನೆಗೆ ತಂದಿತು. ನಸೀರುದ್ದೀನ್ ಷಾ ಅವರೆದುರು ಟಿಸ್ಕಾ ಚೋಪ್ರಾ, ಮಗನ ಸಾವಿಗೆ ಸೇಡು ಬಯಸುವ ತಾಯಿಯಾಗಿ ಅಭಿನಯಿಸಿದ್ದಾರೆ. ಮೂಲ ನಾಟಕವನ್ನು ಓದಿ ಇದನ್ನು ನೋಡುವುದು ಒಳಿತು. ಮಕ್ಕಳೊಡನೆ ಕುಳಿತು ನೋಡುವ ಚಿತ್ರ ಮಾತ್ರ ಇದಲ್ಲ.