ರೂಟರ್‌ಗಳು ನೆರೆಹೊರೆ ಬೆಸೆಯುವ ಬಗೆ

ಜಾಲದಲ್ಲಿ ದತ್ತಾಂಶಕ್ಕೆ ಸಮೀಪದ ದಾರಿ ಕಂಡುಕೊಡುವ ಓಎಸ್‌ಪಿಎಫ್ ನಿಯಮಾವಳಿಯ ಎರಡನೇ ಆವೃತ್ತಿಯನ್ನು ಜಾನ್ ಮಾಯ್ 1998ರ ಆರ್‌ಎಫ್‌ಸಿ 2328ರಲ್ಲಿ ವಿವರಿಸಿದ್ದಾರೆ. ಇದರಂತೆ ಈಥರ್ನೆಟ್ ಜಾಲದ ರೂಟರ್‌ಗಳು ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ 'ಹಲೋ' ಸಂದೇಶ ಕಳುಹಿಸುತ್ತವೆ. ನೆರೆಯ ರೂಟರಿನ ಹಲೋದಲ್ಲಿ ತನ್ನ ಗುರುತಿನ ಸಂಖ್ಯೆ ಕಂಡಾಗ ಪರಿಚಯ ಪರಸ್ಪರವೆನಿಸುತ್ತದೆ. ಬಳಿಕ ಮಾಹಿತಿಕೋಶದ ಸಾರಾಂಶ ವಿನಿಮಯವಾಗಿ, ಕೊರತೆಯಿರುವ ವಿವರಗಳನ್ನು ಕೇಳಿ ಪಡೆದು, ಎರಡರ ನಕ್ಷೆಯೂ ಒಂದೇ ಆದಾಗ ಸಂಬಂಧ ಪೂರ್ಣಗೊಳ್ಳುತ್ತದೆ.

ಹಲವು ರೂಟರ್‌ಗಳಿರುವೆಡೆ ಹೊರೆ ತಗ್ಗಿಸಲು ಒಂದು ಮುಖ್ಯ, ಒಂದು ಬದಲಿ ರೂಟರ್ ಆಯ್ಕೆಯಾಗುತ್ತವೆ. ಉಳಿದವು ಇವೆರಡರೊಂದಿಗೆ ಮಾತ್ರ ಪೂರ್ಣ ಸಂಬಂಧ ಹೊಂದುತ್ತವೆ. ಹಲೋ ಅವಧಿ, ವಲಯ ಸಂಖ್ಯೆ ಅಥವಾ ಗುಪ್ತಪದ ತಾಳೆಯಾಗದಿದ್ದರೆ ತಂತಿ ಸರಿಯಿದ್ದರೂ ಸಂಬಂಧ ಕೂಡಿಬಾರದು. ಸಾಮಾನ್ಯವಾಗಿ 40 ಸೆಕೆಂಡು ಹಲೋ ಬಾರದಿದ್ದರೆ ನೆರೆ ರೂಟರ್ ಇಲ್ಲವೆಂದೇ ಲೆಕ್ಕ. ಬದಲಿ ದಾರಿಯ ಹುಡುಕಾಟ ಆರಂಭವಾಗುತ್ತದೆ.